ಅಕ್ಕಡಿ ಸಾಲಿನ ಅವರೆಕಾಯಿ

ಇತಿಹಾಸದ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ತಲುಪಿದಾಗ ಅರಿವಿಲ್ಲದೆ ನನ್ನ ಬೆರಳುಗಳನ್ನು ಮೂಸಿಕೊಂಡೆ. ಏಕೆಂಬುದು ನನ್ನ ತರಗತಿಯವರಿಗೆ ಗೊತ್ತು, ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಹಿರೇಮಗಳೂರು ಈಗ ಚಿಕ್ಕಮಗಳೂರಿನೊಳಗೆ ಸೇರಿಹೋಗಿದೆ. ನಾವು ಓದುವಾಗ ಎರಡರ ನಡುವೆ ರಾಗಿ ಹೊಲಗಳಿದ್ದವು. ಸಕ್ಕರೆಪಟ್ಟಣದ ರುಕ್ಮಾಂಗದ ರಾಜ ಹಿರಿಯ ಮಗಳಿಗೆ ನಮ್ಮೂರನ್ನೂ ಕಿರಿಯವಳಿಗೆ ಆ ಊರನ್ನೂ ಬಳುವಳಿ ಕೊಟ್ಟನೆಂಬುದು ಐತಿಹ್ಯ. "ಅಕ್ಕ ಬೆಳೆದದ್ದನ್ನು ತಂಗಿ ಉಣ್ಣುತ್ತಾಳೆ" ಎಂದು ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ರಾಮನ ಬಲಕ್ಕೆ ಸೀತೆ ನಿಂತಿರುವ ಕೋದಂಡರಾಮನ ಗುಡಿ, ಜನಮೇಜಯನ ಸರ್ಪಯಾಗದ್ದೆಂದು ಹಿರಿಯರು ನಂಬಿದ ಯೂಪಸ್ತಂಭ ಎರಡನ್ನೂ ಅವರು ತೋರಿಸಿದ್ದು ನಡೆಸಿಕೊಂಡು ಹೋಗಿ. ಪಠ್ಯದಲ್ಲಿ ಏನಿತ್ತೋ ಒಂದೂ ನೆನಪಿಲ್ಲ.

ಧನುರ್ಮಾಸದ ಒಂದು ಮಧ್ಯಾಹ್ನ ನಾವು ನಾಲ್ವರು ತರಗತಿ ತಪ್ಪಿಸಿ ಹೊಲಕ್ಕೆ ನುಗ್ಗಿದೆವು. ರಾಗಿ ಕೊಯ್ಲಾಗಿತ್ತು, ಅದರ ನಡುವೆ ಬೇರೆ ಬೆಳೆಗೆಂದು ಬಿಟ್ಟ ಅಕ್ಕಡಿ ಸಾಲಿನಲ್ಲಿ ಅವರೆ ಮಾತ್ರ ತುಂಬಿ ನಿಂತಿತ್ತು. ಜೇಬು ತುಂಬುವಷ್ಟರಲ್ಲಿ ಹೊಲದ ಗೌಡರು ಕೂಗುತ್ತ ಬಂದರು. ನಮ್ಮಲ್ಲೊಬ್ಬ "ಹಾವು ಕಚ್ಚಿತು!" ಎಂದು ಕಾಲು ಹಿಡಿದು ಬಿದ್ದ. ಹಾವು ಕಚ್ಚಿದವರು ಯೂಪಸ್ತಂಭವನ್ನು ಸುತ್ತಿದರೆ ವಿಷ ಇಳಿಯುತ್ತದೆಂಬ ನಂಬಿಕೆ ಊರಲ್ಲಿ ಇತ್ತಲ್ಲ, ಅವನನ್ನು ಹೊತ್ತುಕೊಂಡು ಅಲ್ಲಿಗೇ ಓಡಿದೆವು. ಗೌಡರೂ ಗಾಬರಿಯಿಂದ ಹಿಂದೆಯೇ ಬಂದರು. ಎರಡನೆಯ ಸುತ್ತಿನಲ್ಲಿ ಮೇಷ್ಟ್ರು ಎದುರಾದರು. ಅವನ ಕಾಲನ್ನು ನೋಡಲೇ ಇಲ್ಲ. ನನ್ನ ಕೈ ಹಿಡಿದು ಬೆರಳು ಮೂಸಿದರು. ಅವರೆಯ ಸೊಗಡು ನೀರಿನಲ್ಲಿ ತೊಳೆದರೂ ಹೋಗುವುದಲ್ಲ.

ಬೆತ್ತ ಬೀಳುತ್ತದೆಂದು ಕಾದೆವು. ಮೇಷ್ಟ್ರು ನಾಲ್ವರನ್ನೂ ಭಾನುವಾರ ಗೌಡರ ಕಣಕ್ಕೆ ಕಳುಹಿಸಿದರು. ರಾಗಿ ತೂರುವಾಗ ಹೊಟ್ಟು ಕಣ್ಣಿಗೆ ಬಿತ್ತು, ಮೈಯೆಲ್ಲ ತುರಿಕೆ. ಕೂರಿಗೆ ಬಿತ್ತನೆಯ ನಡುವೆ ಅವರೆ, ಹುಚ್ಚೆಳ್ಳು, ಜೋಳಕ್ಕೆ ಏಕೆ ಸಾಲು ಬಿಡುತ್ತಾರೆಂದು ಗೌಡರು ಆ ದಿನ ವಿವರಿಸಿದರು: ಮಳೆ ಕೈಕೊಟ್ಟು ರಾಗಿ ಜೊಳ್ಳಾದರೂ ಮನೆಗೆ ಒಂದಿಷ್ಟು ಕಾಳು ಬರಬೇಕು. ಊರಿನ ಪ್ರತಿ ಹೊಲದ ಹೆಸರನ್ನು ಕೇಳಿ ಬರೆದು ತರಬೇಕೆಂಬುದು ಶಿಕ್ಷೆಯ ಉಳಿದರ್ಧ. ಆ ನೋಟ್‌ಬುಕ್ ಇಂದಿಗೂ ನನ್ನ ಬಳಿ ಇದೆ.

ಮುಂದೆ ನಾನು ಭೂಮಾಪಕನಾದೆ. ಸರಪಳಿ ಹಿಡಿದ ಮೊದಲ ದಿನದಿಂದ ನಿವೃತ್ತಿಯವರೆಗೆ ಹೊಲದ ಹೆಸರು ಕೇಳದೆ ಅಳತೆಗೆ ಇಳಿದವನಲ್ಲ. ಸರ್ವೆ ನಂಬರ್ ಸಾಕೆನ್ನುತ್ತಿದ್ದ ಸಹೋದ್ಯೋಗಿಗಳೇ ಗಡಿ ತಕರಾರು ಬಂದಾಗ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಈಗಿನ ಮಕ್ಕಳು ಬಸ್ಸಿನಲ್ಲಿ ದೂರದೂರಿಗೆ ಪ್ರವಾಸ ಹೋಗುತ್ತಾರೆ. ಊರಿನ ಕಂಬವನ್ನು ಅವರಿಗೆ ಯಾರೂ ತೋರಿಸುವುದಿಲ್ಲ. ಶಿಕ್ಷಕರಿಗೆ ಅಷ್ಟು ಬಿಡುವನ್ನು ಯಾರು ಕೊಟ್ಟಿದ್ದಾರೆ? ನನಗೆ ಬೇಸರವಾಗುವುದು ಅದಕ್ಕೇ.

ಮೇಷ್ಟ್ರ ತಿಥಿಯ ದಿನ ನಾವು ಮೂವರು ಆ ಹೊಲವನ್ನು ಹುಡುಕಿಕೊಂಡು ಹೋದೆವು. ಅಲ್ಲಿ ಮನೆಗಳೆದ್ದಿವೆ, ಅಡ್ಡರಸ್ತೆಗೆ ಸಂಖ್ಯೆ ಬಿದ್ದಿದೆ. ನನ್ನ ನೋಟ್‌ಬುಕ್ಕಿನ ಮೂರನೆಯ ಪುಟದಲ್ಲಿ ಅದರ ಹೆಸರು ಬಸರಿಮರದ ಹೊಲ.