ಬಣ್ಣದ ಗೆರೆ ಗಾಡಿಯನ್ನು ತಡೆಯುತ್ತಾ?

ಕಳೆದ ವಾರ ಬ್ರಿಟನ್ನಿನಲ್ಲಿ ನಾನು ಕೆಲಸ ಮಾಡುವ ವೇರ್‌ಹೌಸ್ ನೋಡಲು ಮನೆಯವರನ್ನೆಲ್ಲ ಕರೆದಿದ್ದರು. ಮುಂದಿನ ಕಬ್ಬಿಣದ ತೋಳುಗಳಿಂದ (ಫೋರ್ಕ್) ಸರಕು ಎತ್ತುವ ಫೋರ್ಕ್‌ಲಿಫ್ಟ್ ಗಾಡಿಗಳನ್ನು ಅಂದು ನಿಲ್ಲಿಸಿದ್ದರು. ಆದರೂ ನಡೆಯುವವರಿಗೆಂದು ನೆಲದ ಮೇಲೆ ಎಳೆದ ಹಳದಿ ಗೆರೆಯ ಒಳಗೇ ನಡೀಬೇಕು ಅಂತ ಮಗಳಿಗೆ ಹೇಳಿದೆ. ಅವಳು ಗೆರೆಯ ಮೇಲೆ ಕಾಲು ಉಜ್ಜಿ, "ಅಪ್ಪಾ, ಇದು ಬರೀ ಬಣ್ಣ ಅಲ್ವಾ? ಗಾಡಿ ಬಂದ್ರೆ ತಡೆಯುತ್ತಾ?" ಅಂದಳು. ಅದನ್ನು ಸೂಪರ್‌ವೈಸರ್‌ಗೆ ಹೇಳಿದರೆ ಆತ ನಗಲಿಲ್ಲ. ಲೋಡಿಂಗ್ ಬಾಗಿಲ ಹತ್ತಿರ ಕಬ್ಬಿಣದ ಕಂಬಿ ಹಾಕಿರುವುದು ಅದಕ್ಕೇ, ಇಲ್ಲೂ ಬೇಕು ಅಂದ.

ಆ ಪ್ರಶ್ನೆ ನನ್ನ ತಲೆಯಿಂದ ಹೋಗಿಲ್ಲ. 2.5 ಟನ್ ಎತ್ತುವ ಫೋರ್ಕ್‌ಲಿಫ್ಟ್ ಖಾಲಿ ಇದ್ದಾಗಲೇ ಸಾಮಾನ್ಯವಾಗಿ 3.5 ಟನ್ನಿಗೂ ಹೆಚ್ಚು ತೂಗುತ್ತದೆ. ಮುಂದಿನ ಭಾರಕ್ಕೆ ಮಗುಚದಿರಲೆಂದು ಹಿಂದೆ ಅಷ್ಟು ತೂಕ ಕೂರಿಸಿರುತ್ತಾರೆ. ತಿರುಗುವುದು ಹಿಂದಿನ ಚಕ್ರಗಳಿಂದ. ಹಾಗಾಗಿ ಎಡಕ್ಕೆ ತಿರುಗಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ, ಪಕ್ಕದಲ್ಲಿ ನಿಂತವನಿಗೆ ಸರಿಯಲು ಹೊತ್ತೇ ಸಿಗುವುದಿಲ್ಲ. ಸರಕು ಎತ್ತರವಾಗಿದ್ದರೆ ಡ್ರೈವರ್‌ಗೆ ಮುಂದೆ ಕಾಣದು, ರಿವರ್ಸ್‌ನಲ್ಲೇ ಓಡಿಸಬೇಕು. ಗಕ್ಕನೆ ಬ್ರೇಕ್ ಒತ್ತಿದರೆ ಸರಕು ಮುಂದಕ್ಕೆ ಜಾರಬಹುದು. ಬ್ಯಾಟರಿ ಗಾಡಿಯಾದರೆ ಬಂದದ್ದೂ ಕೇಳಿಸದು. ಇಂಥ ಕಡೆ "ನೋಡ್ಕೊಂಡು ಓಡಾಡು" ಅನ್ನುವ ಮಾತು ಯಾರನ್ನು ಕಾಪಾಡೀತು?

ನಮ್ಮ ಊರ ಕಡೆ ಇವತ್ತಿಗೂ ಬಹಳ ಗೋದಾಮುಗಳಲ್ಲಿ ಹೇಳುವುದು ಅಷ್ಟೇ. ಬ್ರಿಟನ್ನಿಗೆ ಬರುವ ಮುಂಚೆ ನಾನಿದ್ದ ಗೋದಾಮಿನಲ್ಲಿ ಹಮಾಲಿಗಳು, ಲಾರಿ ಕ್ಲೀನರ್‌ಗಳು, ಬಿಲ್ ಹಿಡಿದು ಬಂದವರು, ಫೋರ್ಕ್‌ಲಿಫ್ಟು ಎಲ್ಲಕ್ಕೂ ಒಂದೇ ಬಾಗಿಲು. ಮೇಲಿನ ರ‍್ಯಾಕಿನ ಪೆಟ್ಟಿಗೆ ಬೇಕಾದರೆ ಫೋರ್ಕಿನ ಮೇಲೇ ಹುಡುಗನೊಬ್ಬನನ್ನು ನಿಲ್ಲಿಸಿ ಎತ್ತುತ್ತಿದ್ದರು. ಹಿರಿಯ ಹಮಾಲಿಯೊಬ್ಬರ ಪಾದ ಚಕ್ರದಡಿ ಸಿಕ್ಕಿತು. ಜ್ಞಾನ ಇಟ್ಕೊಂಡು ಕೆಲಸ ಮಾಡಬೇಕಿತ್ತು ಅಂತ ಎಲ್ಲರೂ ಅವರನ್ನೇ ಅಂದರು. ಬೆನ್ನ ಮೇಲೆ ಮೂಟೆ ಹೊತ್ತು ತಲೆ ಬಗ್ಗಿಸಿ ನಡೆಯುವವರು ಎಲ್ಲಿ ನೋಡಬೇಕಿತ್ತು? ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಇಲ್ಲೂ ಅಪಘಾತಗಳಾಗುತ್ತವೆ. ಆದರೆ 1992ರಲ್ಲಿ ಇಲ್ಲಿ ಮಾಡಿದ ನಿಯಮ, ಜನ ಮತ್ತು ವಾಹನ ಎರಡೂ ಅಪಾಯವಿಲ್ಲದೆ ಓಡಾಡುವಂತೆ ಕೆಲಸದ ಜಾಗವನ್ನು ಏರ್ಪಡಿಸಬೇಕು ಅನ್ನುತ್ತದೆ. ಹೊಣೆ ಮೊದಲು ಬೀಳುವುದು ಜಾಗ ನಡೆಸುವವರ ಮೇಲೆ.

ಊರಲ್ಲಿ ಗೋದಾಮು ನಡೆಸುವ ಗೆಳೆಯರಿಗೆ ನನ್ನದೊಂದು ಕೋರಿಕೆ. ನಡೆಯುವವರಿಗೆ ಬೇರೆ ಬಾಗಿಲು ಮಾಡಿಕೊಡಿ. ಜಾಗವಿಲ್ಲದಿದ್ದರೆ ಹೊತ್ತನ್ನಾದರೂ ಬೇರೆ ಮಾಡಿ: ಫೋರ್ಕ್‌ಲಿಫ್ಟ್ ಲಾರಿ ಇಳಿಸುವಷ್ಟು ಹೊತ್ತು ಆ ಅಂಗಳಕ್ಕೆ ಯಾರೂ ಕಾಲಿಡದಂತೆ ಸರಪಳಿ ಕಟ್ಟಿ.