ಗಿಡಹೇನಿನ ಕಣಜಗಳು: ಅಫಿಡಿಯಸ್ ಗುಂಪಿನ ವಿಂಗಡಣೆ ಎಲ್ಲಿಗೆ ಬಂತು

ಗಿಡಹೇನುಗಳಿಂದ ಹೊರಬಂದ ಕಣಜಗಳನ್ನು ದೊಡ್ಡ ಗುಂಪುಗಳಾಗಿ ಬೇರೆ ಮಾಡಿದ್ದಾಯಿತು. ಈಗ ಮೇಜಿನ ಮೇಲೆ ಉಳಿದಿರುವುದು ಅಫಿಡಿಯಸ್ ಕುಲದವು. ಎಲ್ಲವೂ ಎರಡು ಮೂರು ಮಿಲಿಮೀಟರ್ ಉದ್ದ, ಎಲ್ಲವೂ ಕಂದು-ಕಪ್ಪು. ಬರಿಗಣ್ಣಿಗೆ ಒಂದೇ ಥರ. ಇವುಗಳಲ್ಲಿ ಎಷ್ಟು ಜಾತಿ ಇವೆ ಅನ್ನೋದೇ ಈಗಿನ ಪ್ರಶ್ನೆ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ಹೆಣ್ಣು ಕಣಜ ಬದುಕಿರುವ ಗಿಡಹೇನಿನೊಳಗೆ ಒಂದು ಮೊಟ್ಟೆ ಇಡುತ್ತದೆ. ಮರಿ ಒಳಗಿಂದ ತಿಂದು ಬೆಳೆಯುತ್ತದೆ. ಕೊನೆಗೆ ಹೇನು ಸತ್ತು, ಅದರ ಚರ್ಮ ಉಬ್ಬಿ ಗಟ್ಟಿಯಾಗುತ್ತದೆ. ಇದನ್ನೇ ಮಮ್ಮಿ ಅನ್ನುತ್ತಾರೆ. ಕಣಜ ಆ ಮಮ್ಮಿಯಲ್ಲೇ ಕೋಶಾವಸ್ಥೆ ಮುಗಿಸಿ, ತೂತು ಕೊರೆದು ಹೊರಗೆ ಬರುತ್ತದೆ.

ಒಂದೊಂದು ಮಮ್ಮಿಯನ್ನೂ ಅದು ಅಂಟಿಕೊಂಡಿರುವ ಎಲೆಯ ಚೂರಿನ ಜೊತೆಗೇ ಕತ್ತರಿಸಿ, ಒಂದೊಂದು ಖಾಲಿ ಕ್ಯಾಪ್ಸೂಲಿನಲ್ಲಿ ಇಡುತ್ತೇನೆ. ಜೊತೆಗೆ ಚೀಟಿ: ಯಾವ ಗಿಡ, ಯಾವ ಹೇನು, ಯಾವ ದಿನ. ಕಣಜ ಹೊರಬಂದ ಮೇಲೆ ಅದು 70% ಆಲ್ಕೋಹಾಲಿಗೆ ಹೋಗುತ್ತದೆ. ಖಾಲಿ ಮಮ್ಮಿಯನ್ನು ಮಾತ್ರ ಎಸೆಯುವುದಿಲ್ಲ, ಅದೂ ಚೀಟಿಯ ಜೊತೆಗೇ ಇರಬೇಕು. ಯಾಕೆಂದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ಮೊದಲು ಬಣ್ಣ ನೋಡಿ. ಅಫಿಡಿಯಸ್ ಮಮ್ಮಿ ಒಣಹುಲ್ಲಿನ ಬಣ್ಣದ್ದು, ದುಂಡಗೆ. ಕಪ್ಪಗಿದ್ದರೆ ಅಫೆಲೈನಸ್ ಅಥವಾ ಎಫಿಡ್ರಸ್ ಅನ್ನುವ ಬೇರೆ ಕುಲದ ಕಣಜ ಇರಬೇಕು. ಅಫೆಲೈನಸ್‌ನದು ಅಷ್ಟು ಉಬ್ಬಿರುವುದಿಲ್ಲ. ಪ್ರಾವೊನ್ ಅನ್ನುವ ಇನ್ನೊಂದು ಕಣಜದ ಮರಿ, ಹೇನನ್ನು ಪೂರ್ತಿ ಖಾಲಿ ಮಾಡಿ ಕೆಳಗಿಳಿದು, ಹೇನಿನ ಸಿಪ್ಪೆಯ ಅಡಿಯಲ್ಲಿ ಬಿಳಿ ಗೂಡು ನೇಯುತ್ತದೆ. ಒಂದು ಸಲ ನೋಡಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಆಮೇಲೆ ತೂತು. ಅಫಿಡಿಯಸ್ ಹಿಂಭಾಗದಲ್ಲಿ ಅಂಚು ನುಣುಪಾದ ಗುಂಡು ಮುಚ್ಚಳ ಕತ್ತರಿಸುತ್ತದೆ. ಎಷ್ಟೋ ಸಲ ಆ ಮುಚ್ಚಳ ಒಂದು ಬದಿಗೆ ನೇತಾಡುತ್ತಲೇ ಇರುತ್ತದೆ. ಅಂಚು ಹರಕಾಗಿ, ಹಲ್ಲುಹಲ್ಲಾಗಿ ಇದ್ದರೆ ಹೊರಬಂದದ್ದು ಬೇರೆಯೇ: ಕಣಜದ ಮರಿಯನ್ನೇ ತಿಂದು ಬೆಳೆದ ಇನ್ನೊಂದು ಕಣಜ. ಡೆಂಡ್ರೊಸೆರಸ್, ಅಸಾಫಸ್, ಪ್ಯಾಕಿನ್ಯೂರಾನ್ ಮಮ್ಮಿಯಾದ ಮೇಲೆ ಬರುತ್ತವೆ. ಅಲೋಕ್ಸಿಸ್ಟಾ ಹೇನು ಇನ್ನೂ ಬದುಕಿರುವಾಗಲೇ ಒಳಗಿನ ಮರಿಯನ್ನು ಹುಡುಕಿ ಮೊಟ್ಟೆ ಇಡುತ್ತದೆ. ಇಷ್ಟು ಚಿಕ್ಕ ಹೇನಿನೊಳಗೆ ಇಷ್ಟೆಲ್ಲಾ ನಡೆಯುತ್ತದೆ ಅಲ್ವಾ! ನನಗೆ ಇದು ಎಷ್ಟು ನೋಡಿದರೂ ಸಾಲುವುದಿಲ್ಲ.

ಇನ್ನು ಅಫಿಡಿಯಸ್‌ಗೆ ಬರೋಣ. ಇಲ್ಲಿಂದ ಕೆಲಸ ನಿಧಾನ.

ಎಲ್ಲಕ್ಕಿಂತ ಮೊದಲು ಗಂಡು ಹೆಣ್ಣು ಬೇರೆ ಮಾಡಬೇಕು. ಹೆಣ್ಣಿನ ಹೊಟ್ಟೆಯ ತುದಿ ಚೂಪು, ಗಂಡಿನದು ಮೊಂಡು. ಗಂಡಿನ ಮೀಸೆಯಲ್ಲಿ ಗಿಣ್ಣುಗಳು ಜಾಸ್ತಿ, ಹಾಗಾಗಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಎಣಿಸಿದರೆ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ಸದ್ಯ ಹೆಣ್ಣುಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ. ಅಫಿಡಿಯಸ್ ಕೋಲ್ಮನಿ ಹೆಣ್ಣಿನ ಮೀಸೆಯಲ್ಲಿ ಸಾಮಾನ್ಯವಾಗಿ 15 ಗಿಣ್ಣು, ಅಫಿಡಿಯಸ್ ಎರ್ವಿಯಲ್ಲಿ 18 ಅಥವಾ 19. ಇವೆರಡನ್ನು ಬೇರೆ ಮಾಡಲು ಇಷ್ಟು ಸಾಕು. ಆದರೆ ಎಣಿಕೆ ಹತ್ತಿರ ಹತ್ತಿರ ಇರುವ ಜಾತಿಗಳಲ್ಲಿ ಇದನ್ನು ನಂಬುವ ಹಾಗಿಲ್ಲ. ಚಿಕ್ಕ ಹೇನಿನಲ್ಲಿ ಬೆಳೆದ ಕಣಜ ಚಿಕ್ಕದಾಗಿಯೇ ಇರುತ್ತದೆ, ಅದರ ಮೀಸೆಯಲ್ಲಿ ಒಂದು ಗಿಣ್ಣು ಕಡಿಮೆಯೂ ಇರಬಹುದು. ಉದ್ದವೂ ಅಷ್ಟೇ. ಅದಕ್ಕೇ ನಾನು ಬರೀ ಅಳತೆ ಬರೆಯುವುದಿಲ್ಲ, ಒಂದರ ಉದ್ದಕ್ಕೆ ಇನ್ನೊಂದು ಎಷ್ಟು ಪಾಲು ಅಂತ ಬರೆಯುತ್ತೇನೆ.

ನನಗೆ ಈಗ ಅತಿ ಹೆಚ್ಚು ಕೆಲಸಕ್ಕೆ ಬರುತ್ತಿರುವುದು ಸೊಂಟ. ಎದೆಗೂ ಹೊಟ್ಟೆಗೂ ನಡುವೆ ಇರುವ ಆ ಸಣ್ಣ ಕಡ್ಡಿಯಂಥ ಭಾಗ, ಪೆಟಿಯೋಲ್. ಕಣಜವನ್ನು ಒಂದು ಬದಿಗೆ ಮಲಗಿಸಿ, ಸೊಂಟದ ಮುಂಭಾಗದ ಪಕ್ಕವನ್ನು ನೋಡಬೇಕು. ಕೆಲವಲ್ಲಿ ಅಲ್ಲಿ ಎದ್ದು ಕಾಣುವ ಕೆಲವೇ ಏಣುಗಳು. ಕೆಲವಲ್ಲಿ ಒತ್ತೊತ್ತಾಗಿ ತೆಳು ಗೆರೆಗಳು, ಕೋಲ್ಮನಿ ಈ ಸಾಲಿನದು. ಎರ್ವಿಯಲ್ಲಿ ಗೆರೆಗಳೇ ಅಲ್ಲ, ಅಡ್ಡಾದಿಡ್ಡಿ ಒರಟು ಸುಕ್ಕು. ಬೆಳಕು ನೇರ ಮೇಲಿಂದ ಬಿದ್ದರೆ ಮೂರೂ ಒಂದೇ ಥರ ಕಾಣುತ್ತವೆ. ದೀಪವನ್ನು ತೀರಾ ಕೆಳಗಿಳಿಸಿ ಓರೆಯಾಗಿ ಬಿಟ್ಟಾಗ ಪ್ರತಿ ಏಣಿನ ಪಕ್ಕದಲ್ಲೂ ನೆರಳು ಬೀಳುತ್ತದೆ, ಆಗ ವ್ಯತ್ಯಾಸ ಎದ್ದು ನಿಲ್ಲುತ್ತದೆ. ಆಲ್ಕೋಹಾಲಿನ ಪಸೆ ಪೂರ್ತಿ ಆರಿರಬೇಕು. ಹೊಳಪು ಉಳಿದರೆ ಏನೂ ಕಾಣಿಸದು.

ಇದರ ಆಚೆಗೂ ಗಂಟುಗಳಿವೆ. ಕೋಲ್ಮನಿ ಅಂತ ಕರೆಯುತ್ತಿದ್ದದ್ದು ಒಂದು ಗುಂಪು ಅಂತ 2014ರ ಅಧ್ಯಯನದಲ್ಲಿ ತೋರಿಸಿದರು. ಕೋಲ್ಮನಿ, ಪ್ಲಾಟೆನ್ಸಿಸ್, ಟ್ರಾನ್ಸ್‌ಕ್ಯಾಸ್ಪಿಕಸ್ ಮೂರೂ ಬೇರೆ ಬೇರೆ. ಆದ್ದರಿಂದ ನನ್ನ ಚೀಟಿಗಳಲ್ಲಿ ಸದ್ಯಕ್ಕೆ ‘ಕೋಲ್ಮನಿ ಗುಂಪು’ ಅಂತಲೇ ಇದೆ. ಖಾತ್ರಿಯಾಗುವ ತನಕ ಜಾತಿಯ ಹೆಸರು ಬರೆಯಲು ಮನಸ್ಸು ಒಪ್ಪುವುದಿಲ್ಲ.

ಹೆಸರಿನಲ್ಲಿ ಇಷ್ಟು ಬಿಗಿ ಯಾಕೆ ಅಂತ ಕೇಳುವವರಿಗೆ ನಾನು ಯಾವಾಗಲೂ ಹೇಳುವುದು ಅಫೈಟಿಸ್ ಕಣಜದ ಕಥೆ. ಕ್ಯಾಲಿಫೋರ್ನಿಯಾದ ಕಿತ್ತಳೆ, ನಿಂಬೆ ತೋಟಗಳಲ್ಲಿ ಕೆಂಪು ಶಲ್ಕ ಕೀಟದ ಕಾಟ ಇತ್ತು. ಪೂರ್ವ ಏಷ್ಯಾದಲ್ಲಿ ಅದನ್ನು ತಿನ್ನುವ ಅಫೈಟಿಸ್ ಲಿಂಗ್ನಾನೆನ್ಸಿಸ್ ಕಣ್ಣಿಗೆ ಬಿದ್ದಿತ್ತು. ಆದರೆ ಅದು ಕ್ಯಾಲಿಫೋರ್ನಿಯಾದಲ್ಲಿ ಆಗಲೇ ಇದ್ದ ಅಫೈಟಿಸ್ ಕ್ರಿಸೊಂಫಲಿಯೇ ಅಂದುಕೊಂಡು ಬಿಟ್ಟುಬಿಟ್ಟರು. ಅದನ್ನು ತರಿಸಿದ್ದು 1940ರ ದಶಕದ ಕೊನೆಗೆ. ಅಷ್ಟು ವರ್ಷ ಒಂದು ಒಳ್ಳೆಯ ಕಣಜ ಕೈಗೆ ಸಿಗದೆ ಹೋಯಿತು.

ಅಡ್ಡ ಮಾತು ಒಂದು. ಅಸಾಫಸ್, ಅಫೆಲೈನಸ್‌ನಂಥ ಪುಟ್ಟ ಕಣಜಗಳ ರೆಕ್ಕೆಯಲ್ಲಿ ನರಗಳೇ ಕಡಿಮೆ, ನೋಡಲು ಏನೂ ಇಲ್ಲ ಅನ್ನಿಸುತ್ತದೆ. ಅದೇ ರೆಕ್ಕೆಯನ್ನು ಕಪ್ಪು ಹಾಳೆಯ ಮೇಲಿಟ್ಟು ನೋಡಿ. ಹಸಿರು, ನೇರಳೆ, ಹಳದಿ ಪಟ್ಟೆಗಳು ಕಾಣುತ್ತವೆ. ತೆಳು ಪೊರೆಯ ಎರಡೂ ಮೈಯಿಂದ ಮರಳುವ ಬೆಳಕು ಒಂದಕ್ಕೊಂದು ಸೇರಿ ಹುಟ್ಟುವ ಬಣ್ಣ ಇದು. ಪೊರೆ ಎಲ್ಲಿ ಎಷ್ಟು ದಪ್ಪ ಅನ್ನುವುದರ ಮೇಲೆ ಪಟ್ಟೆ ನಿಲ್ಲುವುದರಿಂದ, ಅದು ಜಾತಿ ಗುರುತಿಸಲೂ ನೆರವಾಗುತ್ತದೆ ಅಂತ 2011ರಲ್ಲಿ ಶೆವ್ತ್ಸೋವಾ ಮತ್ತು ಜೊತೆಗಾರರು ತೋರಿಸಿದರು. ರೆಕ್ಕೆಯನ್ನು ಅಂಟಿನಲ್ಲಿ ಮುಳುಗಿಸಿ ಸ್ಲೈಡ್ ಮಾಡಿದರೆ ಬಣ್ಣ ಹೋಗಿಬಿಡುತ್ತದೆ. ಫೋಟೋ ಮೊದಲು, ಸ್ಲೈಡ್ ಆಮೇಲೆ.

ಮುಂದಿನ ಹಂತ ಡಿಎನ್ಎ. ಒಂದು ಹಿಂಗಾಲು ಸಾಕು, ಉಳಿದ ಮೈ ದಾಖಲೆಗೆ ಹಾಗೇ ಉಳಿಯುತ್ತದೆ. ಓದಿಸುವುದು ಸಿಒ1 ಅನ್ನುವ ಜೀನಿನ 658 ಅಕ್ಷರಗಳ ತುಂಡು. ಇದು ಮೈಟೊಕಾಂಡ್ರಿಯದ್ದು, ತಾಯಿಯಿಂದ ಮಾತ್ರ ಬರುತ್ತದೆ. ಕೀಟಗಳೊಳಗೆ ವಾಸಿಸುವ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಕೂಡ ತಾಯಿಯಿಂದಲೇ ದಾಟುವುದರಿಂದ, ಅದು ಹರಡುವಾಗ ಈ ತುಂಡೂ ಜೊತೆಗೆ ಹರಡಿ ದಾರಿ ತಪ್ಪಿಸಬಹುದು. ಹಾಗಾಗಿ ಫಲಿತಾಂಶ ಬಂದಾಗ ಅದನ್ನು ಸೊಂಟದ ಗೆರೆ, ಮೀಸೆಯ ಎಣಿಕೆ, ಹೇನಿನ ಹೆಸರು, ಈ ಮೂರರ ಪಕ್ಕದಲ್ಲಿಟ್ಟೇ ಓದುತ್ತೇನೆ. ಕಾಲು ತೆಗೆಯಲು ಮೊದಲು ಆರಿಸಿರುವುದು ಕೋಲ್ಮನಿ ಗುಂಪಿನ ಹೆಣ್ಣುಗಳನ್ನೇ, ಒಂದೊಂದು ಜಾತಿಯ ಹೇನಿನಿಂದಲೂ ಕೆಲವು.