ಜೂನ್ 1ಕ್ಕೆ ಹುಟ್ಟಿದ ಅಪ್ಪ, ಜುಲೈ 4ಕ್ಕೆ ಹುಟ್ಟಿದ ಲೂಯಿ

ನಮ್ಮ ಅಡುಗೆಮನೆ ಗೋಡೆಯಲ್ಲೊಂದು ಕ್ಯಾಲೆಂಡರ್ ಇದೆ. ಎಲ್ಲರ ಮನೆಯಲ್ಲೂ ಇರುವಂಥದ್ದೇ. ಹಾಲು ಎಷ್ಟು ತಗೊಂಡ್ವಿ, ಸಿಲಿಂಡರ್ ಯಾವತ್ತು ಬಂತು, ಪೇಪರ್ ದುಡ್ಡು ಕೊಟ್ಟಾಯ್ತಾ, ಎಲ್ಲ ಅದರಲ್ಲೇ. ಅದರ ಜೊತೆ ನಾನು ಸುಮಾರು ಹತ್ತು ವರ್ಷದಿಂದ ಇನ್ನೆರಡು ವಿಷಯ ಬರೆಯುತ್ತಾ ಬಂದಿದ್ದೇನೆ. ಹಸಿರು ಪೆನ್ನಲ್ಲಿ ನನಗಿಷ್ಟವಾದ ಹಾಡುಗಾರರು, ವಾದ್ಯ ನುಡಿಸುವವರು ಹುಟ್ಟಿದ ದಿನ. ನೀಲಿ ಪೆನ್ನಲ್ಲಿ ಬೇರೆ ಬೇರೆ ದೇಶಗಳ ರಾಷ್ಟ್ರೀಯ ಹಬ್ಬ. ಡಿಸೆಂಬರ್ ಕೊನೆಗೆ ಹೊಸ ಕ್ಯಾಲೆಂಡರ್ ಬಂದ ಕೂಡಲೇ ಹಳೆಯದನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ಇಳಿಸುತ್ತೇನೆ, ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಗುತ್ತದೆ.

ಕ್ಯಾಲೆಂಡರಿನ ಕೆಲವು ಮನೆಗಳಲ್ಲಿ ಎರಡೂ ಬಣ್ಣ ಕೂಡುತ್ತವೆ. ಫೆಬ್ರುವರಿ 4ರಂದು 1922ರಲ್ಲಿ ಗದಗದ ಕಡೆ ಭೀಮಸೇನ ಜೋಶಿಯವರು ಹುಟ್ಟಿದರು, ಅದೇ ತಾರೀಕು 1948ರಲ್ಲಿ ಶ್ರೀಲಂಕಾಕ್ಕೆ ಸ್ವಾತಂತ್ರ್ಯ ಬಂತು. ಸೆಪ್ಟೆಂಬರ್ 22 ಪಿ.ಬಿ. ಶ್ರೀನಿವಾಸ್ ಅವರ ದಿನ, ಆಫ್ರಿಕಾದ ಮಾಲಿ ದೇಶದ ಸ್ವಾತಂತ್ರ್ಯ ದಿನವೂ ಹೌದು. ಮಾರ್ಚ್ 21ಕ್ಕೆ ಬಿಸ್ಮಿಲ್ಲಾ ಖಾನ್ ಮತ್ತು ನಮೀಬಿಯಾ. ಇವೆಲ್ಲ ಸುಮ್ನೆ ಕೂಡಿಬಂದದ್ದು. ವರ್ಷಕ್ಕೆ 365 ದಿನ, ದೇಶಗಳೇ ಹತ್ತಿರ ಹತ್ತಿರ ಇನ್ನೂರು, ಕೂಡದೇ ಇನ್ನೇನಾಗುತ್ತೆ ಅಲ್ವಾ.

ಆದರೆ ಕೆಲವು ತಾರೀಕುಗಳು ತಾವಾಗಿ ಬಂದದ್ದಲ್ಲ. ಯಾರೋ ಬೇಕು ಅಂತಲೇ ಆರಿಸಿಕೊಂಡದ್ದು. ಇಲ್ಲಾ ಜಗಳ ಮಾಡಿ ತಗೊಂಡದ್ದು, ಇಲ್ಲಾ ಪ್ರೀತಿಯಿಂದ ಬಿಟ್ಟುಕೊಟ್ಟದ್ದು. ನನಗೆ ಇವುಗಳ ಮೇಲೆ ಮಮತೆ ಜಾಸ್ತಿ. ಅದಕ್ಕೆ ಅಪ್ಪ ಕಾರಣ.

ಅಪ್ಪನ ಹುಟ್ಟುಹಬ್ಬ ಜೂನ್ 1. ಅಂದರೆ ದಾಖಲೆಯಲ್ಲಿ. 1957ರ ಜೂನ್‌ನಲ್ಲಿ ಅಜ್ಜ ಕೈಹಿಡಿದುಕೊಂಡು ಊರಿನ ಶಾಲೆಗೆ ಕರೆದುಕೊಂಡು ಹೋದಾಗ ಮಾಸ್ತರರು ಹುಟ್ಟಿದ ತಾರೀಕು ಕೇಳಲಿಲ್ಲ. ಬಲಗೈಯನ್ನು ತಲೆ ಮೇಲಿಂದ ತಂದು ಎಡಗಿವಿ ಮುಟ್ಟು ಅಂದರು. ಬೆರಳ ತುದಿ ಕಿವಿಗೆ ತಾಗಿತು. ಆರು ತುಂಬಿದೆ ಅಂತ ಲೆಕ್ಕ ಹಾಕಿ 1-6-1951 ಅಂತ ಬರೆದುಕೊಂಡರು. ಕರ್ನಾಟಕದಲ್ಲಿ ಅಪ್ಪನ ವಯಸ್ಸಿನವರನ್ನು ಕೇಳಿ ನೋಡಿ, ಜೂನ್ 1ಕ್ಕೆ ಹುಟ್ಟಿದವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಸಿಗುತ್ತಾರೆ. ಅಪ್ಪ ನಿವೃತ್ತರಾದದ್ದು ಮೇ 31ಕ್ಕೆ, ಅವರ ಕಚೇರಿಯಲ್ಲಿ ಅದೇ ದಿನ ನಾಲ್ಕು ಜನರಿಗೆ ಒಟ್ಟಿಗೇ ಹಾರ ಹಾಕಿ ಶಾಲು ಹೊದಿಸಿದರು.

ಚಿಕ್ಕವನಿದ್ದಾಗ ನನಗೆ ಇದು ಬೇಸರದ ವಿಷಯವಾಗಿತ್ತು. ಅಪ್ಪನಿಗೆ ನಿಜವಾದ ಹುಟ್ಟುಹಬ್ಬ ಇಲ್ಲ, ಯಾರೋ ಬರೆದುಕೊಟ್ಟದ್ದು ಇದೆ ಅಂತ. ಆ ಬೇಸರ ಹೋದದ್ದು ಲೂಯಿ ಆರ್ಮ್‌ಸ್ಟ್ರಾಂಗ್ ಕಥೆ ಓದಿದ ಮೇಲೆ.

ಅಮೆರಿಕದ ಜ್ಯಾಝ್ ಸಂಗೀತ ಅಂದರೆ ಮೊದಲು ನೆನಪಾಗುವ ಹೆಸರು ಅವರದು. ಟ್ರಂಪೆಟ್, ದಪ್ಪ ಒರಟು ದನಿ, ಕೈಯಲ್ಲಿ ಬಿಳಿ ಕರ್ಚೀಫು, ಮುಖದ ತುಂಬ ನಗು. ನ್ಯೂ ಆರ್ಲಿಯನ್ಸ್‌ನ ತೀರಾ ಬಡ ಓಣಿಯಲ್ಲಿ ಹುಟ್ಟಿದವರು. ಜೀವನಪೂರ್ತಿ ತಮ್ಮ ಹುಟ್ಟಿದ ದಿನ 1900ರ ಜುಲೈ 4 ಅಂತಲೇ ಹೇಳಿಕೊಂಡು ಬಂದರು. ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. ಇಡೀ ದೇಶ ಪಟಾಕಿ ಹೊಡೆಯುವ ದಿನವೇ ಅವರಿಗೂ ಹುಟ್ಟುಹಬ್ಬ. 1971ರ ಜುಲೈ 6ರಂದು ತೀರಿಕೊಂಡರು. ಅದಾಗಿ ಸುಮಾರು ಹದಿನೈದು ವರ್ಷದ ಮೇಲೆ, ಸಂಶೋಧಕರೊಬ್ಬರಿಗೆ ನ್ಯೂ ಆರ್ಲಿಯನ್ಸ್‌ನ ಚರ್ಚ್ ಒಂದರ ಜ್ಞಾನಸ್ನಾನದ ಪುಸ್ತಕದಲ್ಲಿ ಅವರ ಹೆಸರು ಸಿಕ್ಕಿತು. ಅಲ್ಲಿದ್ದದ್ದು 1901ರ ಆಗಸ್ಟ್ 4. ಒಂದು ವರ್ಷ ಒಂದು ತಿಂಗಳ ವ್ಯತ್ಯಾಸ.

ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಹುಟ್ಟಿದ ತಾರೀಕನ್ನು ಯಾರೂ ಬರೆದಿಡದ ಮನೆಗಳು ಅವು. ಅವರಜ್ಜಿ ಗುಲಾಮಗಿರಿಯ ಕಾಲ ನೋಡಿದವರು. ಅಂಥ ಮನೆಯ ಹುಡುಗನಿಗೆ ಒಂದು ತಾರೀಕು ಬೇಕಾದಾಗ ದೇಶದಲ್ಲೇ ಎಲ್ಲಕ್ಕಿಂತ ದೊಡ್ಡ ದಿನ ದಕ್ಕಿತು. ಕರಿಯರಿಗೆ ಬಿಳಿಯರ ಜೊತೆ ಒಂದೇ ಬೆಂಚಿನಲ್ಲಿ ಕೂರಲು ಬಿಡದ ಕಾಲದಲ್ಲಿ, ಈ ದಿನ ನನ್ನದೂ ಹೌದು ಅಂತ ಕೊನೆತನಕ ಹೇಳುತ್ತಲೇ ಇದ್ದರು. ನನ್ನ ಕ್ಯಾಲೆಂಡರಿನಲ್ಲಿ ಅವರ ಹೆಸರು ಎರಡು ಕಡೆ ಇದೆ, ಜುಲೈ 4ಕ್ಕೂ ಆಗಸ್ಟ್ 4ಕ್ಕೂ. ಅವರೂರಿನವರು ಆಗಸ್ಟ್ 4ರ ಆಸುಪಾಸಿನಲ್ಲಿ ಅವರ ಹೆಸರಲ್ಲೇ ಸಂಗೀತೋತ್ಸವ ಮಾಡುತ್ತಾರೆ.

ಇನ್ನೊಬ್ಬರದು ಇದಕ್ಕೆ ತಿರುಗಾಮುರುಗಾ ಕಥೆ. ಇವರು ತಮಗಾಗಿ ದಿನ ಹುಡುಕಲಿಲ್ಲ, ಬೇರೆಯವರ ಹುಟ್ಟುಹಬ್ಬಕ್ಕೆ ರಜೆ ಕೊಡಿಸಲು ವರ್ಷಗಟ್ಟಲೆ ಓಡಾಡಿದರು. ಸ್ಟೀವಿ ವಂಡರ್. ಹುಟ್ಟಿದ ಸ್ವಲ್ಪ ದಿನಕ್ಕೇ ಕಣ್ಣು ಕಳೆದುಕೊಂಡವರು, ಹನ್ನೆರಡು ಹದಿಮೂರರ ಹೊತ್ತಿಗೆಲ್ಲ ಇಡೀ ಅಮೆರಿಕವೇ ಕೇಳುವ ಹಾಡುಗಾರ. 1968ರ ಏಪ್ರಿಲ್ 4ರಂದು ಮೆಂಫಿಸ್‌ನಲ್ಲಿ, ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದಾಗ ಇವರಿಗೆ 17 ವರ್ಷ. ಕಿಂಗ್ ಸತ್ತು ನಾಲ್ಕೇ ದಿನಕ್ಕೆ ಜಾನ್ ಕಾನ್ಯರ್ಸ್ ಅನ್ನುವ ಸಂಸದರು ಕಿಂಗ್ ಹುಟ್ಟಿದ ಜನವರಿ 15ನ್ನು ರಾಷ್ಟ್ರೀಯ ರಜೆ ಮಾಡಬೇಕು ಅಂತ ಮಸೂದೆ ತಂದರು. ಮುಂದಕ್ಕೆ ಹೋಗಲಿಲ್ಲ. ಮತ್ತೆ ತಂದರು, ಮತ್ತೆ ತಂದರು. ಇನ್ನೊಂದು ರಜೆ ಅಂದರೆ ಖರ್ಚು ಜಾಸ್ತಿ ಅಂತ ಕೆಲವರು, ಯಾವ ಸರ್ಕಾರಿ ಹುದ್ದೆಯಲ್ಲೂ ಇರದಿದ್ದ ಮನುಷ್ಯನಿಗೆ ರಜೆ ಯಾಕೆ ಅಂತ ಕೆಲವರು. ಆಗ ಅಲ್ಲಿ ದೇಶದ ಇತಿಹಾಸದ ವ್ಯಕ್ತಿಗಳ ಹೆಸರಲ್ಲಿದ್ದ ರಾಷ್ಟ್ರೀಯ ರಜೆ ಎರಡೇ, ಒಂದು ವಾಷಿಂಗ್ಟನ್ ಅವರದು, ಇನ್ನೊಂದು ಕೊಲಂಬಸ್‌ನದು. 1979ರಲ್ಲಿ ಕೊನೆಗೂ ಮತಕ್ಕೆ ಹಾಕಿದಾಗ ಬರೀ ಐದು ಮತ ಕಡಿಮೆ ಬಿದ್ದು ಸೋತಿತು.

ಆ ಸೋಲಿನ ಮರುವರ್ಷ, 1980ರಲ್ಲಿ, ಸ್ಟೀವಿ ವಂಡರ್ ಹೊಸ ಆಲ್ಬಂ ತಂದರು. ಅದರ ಕೊನೆಯ ಹಾಡು ‘ಹ್ಯಾಪಿ ಬರ್ತ್‌ಡೇ’. ನಾವು ಕೇಕ್ ಮುಂದೆ ನಿಂತು ಹೇಳುವ ಹಾಡಲ್ಲ, ಬೇರೆಯದೇ. ಕೇಳಿದರೆ ಕಾಲು ತಾನಾಗೇ ತಾಳ ಹಾಕುತ್ತದೆ, ಅಷ್ಟು ಖುಷಿಯ ಹಾಡು. ಆದರೆ ಮಾತು ಹಿಡಿದು ಕೇಳಿದರೆ ಅದೊಂದು ವಾದ. ಇಂಥ ಮನುಷ್ಯನಿಗೊಂದು ದಿನ ಕೊಡಲು ನಿಮಗೇನು ಅಡ್ಡಿ ಅಂತ ನೇರವಾಗಿ ಕೇಳುವ ಹಾಡು. ರೆಕಾರ್ಡಿನ ಒಳಗಿನ ಕವಚಕ್ಕೆ ಕಿಂಗ್ ಅವರ ಫೋಟೊ ಹಾಕಿಸಿದ್ದರು. 1981ರ ಜನವರಿ 15ಕ್ಕೆ ವಾಷಿಂಗ್ಟನ್‌ನ ಚಳಿಯಲ್ಲಿ ಸಾವಿರಾರು ಜನರನ್ನು ಸೇರಿಸಿ ಮೆರವಣಿಗೆ ಮಾಡಿಸಿದರು. ಮರುವರ್ಷ ಕಿಂಗ್ ಅವರ ಹೆಂಡತಿ ಕೊರೆಟಾ ಅವರ ಜೊತೆ ಹೋಗಿ 60 ಲಕ್ಷ ಸಹಿಗಳಿದ್ದ ಮನವಿ ಕೊಟ್ಟರು. 60 ಲಕ್ಷ! ಮೊಬೈಲು ಇಂಟರ್‌ನೆಟ್ಟು ಇಲ್ಲದ ಕಾಲ, ಒಂದೊಂದು ಸಹಿಯನ್ನೂ ಕಾಗದದ ಮೇಲೆ ಪೆನ್ನು ಹಿಡಿದು ಹಾಕಿಸಿದ್ದು.

1983ರ ನವೆಂಬರ್ 2ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದರು. ಮೊದಲ ರಜೆ 1986ರ ಜನವರಿ 20ಕ್ಕೆ. ಹೌದು, 15 ಅಲ್ಲ. ಕಾನೂನಿನಲ್ಲಿ ಜನವರಿಯ ಮೂರನೇ ಸೋಮವಾರ ಅಂತ ಮಾಡಿದರು, ಹಾಗಾಗಿ ಅದು 15ರಿಂದ 21ರ ಒಳಗೆ ಯಾವತ್ತು ಬೇಕಾದರೂ ಬರಬಹುದು. ಎಲ್ಲ 50 ರಾಜ್ಯಗಳೂ ಒಪ್ಪುವ ಹೊತ್ತಿಗೆ 2000ನೇ ಇಸವಿ ಬಂತು. ಇವತ್ತಿಗೂ ಅಲ್ಲಿನ ಎಷ್ಟೋ ಕರಿಯರ ಮನೆಗಳಲ್ಲಿ ಮಕ್ಕಳ ಹುಟ್ಟುಹಬ್ಬಕ್ಕೆ ಹಾಡುವುದು ಸ್ಟೀವಿ ವಂಡರ್ ಹಾಡನ್ನೇ. ಒಂದು ಹಾಡಿನಿಂದ ಏನಾಗುತ್ತೆ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದೊಂದೇ ಉದಾಹರಣೆ. ಹಾಡೊಂದೇ ಎಲ್ಲ ಮಾಡಲಿಲ್ಲ, ಸರಿ. ಆದರೆ ಹದಿಮೂರು ಹದಿನಾಲ್ಕು ವರ್ಷ ಸಭೆಯೊಳಗೆ ಕೊಳೆಯುತ್ತಿದ್ದ ಕಾಗದವನ್ನು ಬೀದಿಗೆ, ಜನರ ಬಾಯಿಗೆ ತಂದದ್ದು ಹಾಡೇ.

ಹಾಡುಗಾರ ಬಾಬ್ ಮಾರ್ಲಿ ವಿಷಯದಲ್ಲಿ ಜನರೇ ಆ ಕೆಲಸ ಮಾಡಿದ್ದಾರೆ. ಅವರು ಹುಟ್ಟಿದ್ದು 1945ರ ಫೆಬ್ರುವರಿ 6, ಜಮೈಕಾದ ನೈನ್ ಮೈಲ್ ಅನ್ನುವ ಹಳ್ಳಿಯಲ್ಲಿ. ಅಲ್ಲಿಂದ ಭೂಮಿಯ ಇನ್ನೊಂದು ತುದಿಯಲ್ಲಿರುವ ನ್ಯೂಜಿಲೆಂಡ್‌ಗೆ ಫೆಬ್ರುವರಿ 6 ವೈತಾಂಗಿ ದಿನ, ಅವರ ರಾಷ್ಟ್ರೀಯ ದಿನ. 1840ರಲ್ಲಿ ಅಲ್ಲಿನ ಮೂಲನಿವಾಸಿ ಮಾವೋರಿ ಮುಖಂಡರಿಗೂ ಬ್ರಿಟಿಷರಿಗೂ ಒಪ್ಪಂದ ಆದ ದಿನ. ಎಷ್ಟೋ ಮಾವೋರಿ ಜನಕ್ಕೆ ಅದು ಬರೀ ಸಂಭ್ರಮದ ದಿನವಲ್ಲ. ಮಾತು ಕೊಟ್ಟು ಭೂಮಿ ಕಿತ್ತುಕೊಂಡರು ಅನ್ನುವ ನೋವಿನ ದಿನ ಕೂಡ. 1979ರ ಏಪ್ರಿಲ್‌ನಲ್ಲಿ ಮಾರ್ಲಿ ಆಕ್ಲೆಂಡ್‌ಗೆ ಬಂದು ವೆಸ್ಟರ್ನ್ ಸ್ಪ್ರಿಂಗ್ಸ್ ಮೈದಾನದಲ್ಲಿ ಹಾಡಿದರು. ಕಿತ್ತುಕೊಂಡವರ ಬಗ್ಗೆ, ಎದ್ದು ನಿಲ್ಲುವುದರ ಬಗ್ಗೆ ಹಾಡುವ ಮನುಷ್ಯನನ್ನು ಮಾವೋರಿ ಹುಡುಗರು ತಮ್ಮವನೇ ಅಂತ ಬಾಚಿಕೊಂಡರು. ಮಾರ್ಲಿ ಹಾಡುತ್ತಿದ್ದ ಜಮೈಕಾದ ರೆಗೆ ಅವರದೇ ಸಂಗೀತವಾಯಿತು. ಈಗ ವೈತಾಂಗಿ ದಿನ ಅಂದರೆ ಅಲ್ಲಿ ರೆಗೆ ಕಛೇರಿಗಳು ಇದ್ದೇ ಇರುತ್ತವೆ. ಸುಮ್ನೆ ಕೂಡಿಬಂದ ಎರಡು ತಾರೀಕನ್ನು ಜನ ಬೇಕು ಅಂತ ಹೊಲಿದು ಒಂದು ಮಾಡಿಬಿಟ್ಟರು.

ಬೇಗ ಬೇಗ ಇನ್ನೆರಡು ಹೇಳಿಬಿಡುತ್ತೇನೆ. ಜೂನ್ 23 ನಮ್ಮ ಹಂಸಲೇಖ ಅವರ ಹುಟ್ಟುಹಬ್ಬ, ಲಕ್ಸೆಂಬರ್ಗ್ ದೇಶದ ರಾಷ್ಟ್ರೀಯ ದಿನವೂ ಅದೇ. ಲಕ್ಸೆಂಬರ್ಗ್‌ನಲ್ಲಿ ಅದು ದೊರೆಯ ಹುಟ್ಟುಹಬ್ಬದ ಹೆಸರಲ್ಲಿ ನಡೆಯುವ ಹಬ್ಬ, ಆದರೆ ಆ ದಿನ ಅಲ್ಲಿನ ಯಾವ ದೊರೆಯೂ ಹುಟ್ಟಿಲ್ಲ! ಆಗ ಆಳುತ್ತಿದ್ದ ಗ್ರ್ಯಾಂಡ್ ಡಚೆಸ್ ಶಾರ್ಲೆಟ್ ಹುಟ್ಟಿದ್ದು ಜನವರಿ 23. ಆ ಚಳಿಯಲ್ಲಿ ಜನ ಹೊರಗೆ ಬಂದು ಹಬ್ಬ ಮಾಡುವುದು ಕಷ್ಟ ಅಂತ 1961ರಲ್ಲಿ ಐದು ತಿಂಗಳು ಮುಂದೆ ಹಾಕಿದರು. ಇನ್ನೊಂದು ಇಳಯರಾಜ ಅವರದು. ‘ಗೀತಾ’ ಹಾಡುಗಳನ್ನು ಕೇಳಿ ಬೆಳೆದ ನಮಗೆ ಅವರು ಬೇರೆಯವರಲ್ಲ. ಅವರು ಹುಟ್ಟಿದ್ದು ಜೂನ್ 3. ಕರುಣಾನಿಧಿ ಅವರೂ ಹುಟ್ಟಿದ್ದು ಜೂನ್ 3. ಆ ದಿನ ಎಲ್ಲರೂ ಅವರಿಗೇ ಶುಭಾಶಯ ಹೇಳಲಿ ಅಂತ ಇಳಯರಾಜ ತಮ್ಮದನ್ನು ಜೂನ್ 2ಕ್ಕೆ ಮಾಡಿಕೊಂಡರು. ಜೂನ್ 2 ಇಟಲಿಯ ಗಣರಾಜ್ಯ ದಿನ, ಪಕ್ಕದ ತೆಲಂಗಾಣ ಹುಟ್ಟಿದ ದಿನ ಕೂಡ.

ನಮ್ಮ ಕಡೆ ಸಂಗೀತಗಾರರನ್ನು ಹುಟ್ಟಿದ ದಿನಕ್ಕಿಂತ ಹೋದ ದಿನಕ್ಕೆ ನೆನೆಯುವುದೇ ಜಾಸ್ತಿ. ತ್ಯಾಗರಾಜರ ಆರಾಧನೆ, ಪುರಂದರದಾಸರ ಆರಾಧನೆ, ಗದಗದ ಆಶ್ರಮದಲ್ಲಿ ಗವಾಯಿಗಳ ಪುಣ್ಯಸ್ಮರಣೆ. ಭೀಮಸೇನ ಜೋಶಿಯವರು ಕೂಡ ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ಹೆಸರಲ್ಲಿ ಪುಣೆಯಲ್ಲಿ ಉತ್ಸವ ಶುರು ಮಾಡಿದ್ದು ಗುರುಗಳ ಪುಣ್ಯತಿಥಿಯ ನೆಪದಲ್ಲೇ. ಹುಟ್ಟಿದ್ದು ಯಾವಾಗ ಅಂತ ಬರೆದಿಟ್ಟವರು ಕಡಿಮೆ, ಹೋದದ್ದನ್ನು ಮಾತ್ರ ಊರೇ ನೆನಪಿಟ್ಟುಕೊಳ್ಳುತ್ತಿತ್ತು.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅತ್ತೆಯನ್ನು ಕೇಳಿದೆ. ಅಪ್ಪನ ಅಕ್ಕ, ಎಂಬತ್ತು ದಾಟಿದೆ, ಕಣ್ಣು ಮಂಜು, ನೆನಪು ಚೊಕ್ಕ. ‘ಅತ್ತಿ, ಅಪ್ಪ ಹುಟ್ಟಿದ್ದು ಖರೇ ಯಾವಾಗ?’ ಒಂದು ನಿಮಿಷ ಕೂಡ ಯೋಚನೆ ಮಾಡಲಿಲ್ಲ.

‘ಎಳ್ಳಮಾಸಿ ಮೂರು ದಿನ ಐತಿ ಅಂದಾಗ ಹುಟ್ಟ್ಯಾನ. ಅವ್ವ ಚರಗಕ್ಕಂತ ಸಜ್ಜಿ ರೊಟ್ಟಿ ಬಡಿಯಾಕತ್ತಿದ್ಲು. ರೊಟ್ಟಿ ಹಂಚಿನ ಮ್ಯಾಲ ಇದ್ದಾಗನ ಬ್ಯಾನಿ ಬಂತು. ಆ ರೊಟ್ಟಿ ನಾನ ತಿರುವಿ ಹಾಕಿದ್ದು.’

ಬೆಂಗಳೂರಿಗೆ ವಾಪಸ್ ಬಂದು ಹಳೇ ಪಂಚಾಂಗದ ಲೆಕ್ಕ ತೆಗೆದು ನೋಡಿದೆ. ಆ ಸಲದ ಎಳ್ಳಮಾವಾಸ್ಯೆ ಬಿದ್ದದ್ದು 1951ರ ಜನವರಿ ಮೊದಲ ವಾರದಲ್ಲಿ. ಅಂದರೆ ಅಪ್ಪ ಜನವರಿಯಲ್ಲಿ ಹುಟ್ಟಿದವರು, ಹುಟ್ಟುಹಬ್ಬ ಮಾತ್ರ ಜೂನ್ 1. ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿ ಗೋಡೆ ಹತ್ತಿರ ಹೋದೆ. ಜೂನ್ 1ರ ಮನೆಯಲ್ಲಿ ನೀಲಿ ಪೆನ್ನಲ್ಲಿ ‘ಸಮೋವಾ’ ಅಂತಿತ್ತು. ಪೆಸಿಫಿಕ್ ಸಾಗರದ ಪುಟ್ಟ ದ್ವೀಪದೇಶ. ಅವರಿಗೆ ಸ್ವಾತಂತ್ರ್ಯ ಬಂದದ್ದು 1962ರ ಜನವರಿ 1ಕ್ಕೆ. ಹಬ್ಬ ಮಾಡುವುದು ಮಾತ್ರ ಜೂನ್ 1ಕ್ಕೆ.

ಅಪ್ಪನಿಗೆ ಹೇಳಿದೆ. ಸಮೋವಾ ಎಲ್ಲಿದೆ ಅಂತ ಕೇಳಿದರು, ಮ್ಯಾಪಿನಲ್ಲಿ ತೋರಿಸಿದೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅಕ್ಕಗ ಆ ರೊಟ್ಟಿ ನೆನಪೈತೇನು?’ ಅಂದರು. ಫೋನ್ ಹಚ್ಚಿಕೊಡು ಅಂದರು. ಇಬ್ಬರೂ ಮುಕ್ಕಾಲು ಗಂಟೆ ಮಾತಾಡಿದರು.

ಈ ಸಲದ ಕ್ಯಾಲೆಂಡರಿನಲ್ಲಿ ಅಪ್ಪನ ಹೆಸರೂ ಎರಡು ಕಡೆ ಇದೆ. ಜೂನ್ 1ಕ್ಕೆ ಸಮೋವಾ ಪಕ್ಕದಲ್ಲಿ, ಮತ್ತೆ ಎಳ್ಳಮಾವಾಸ್ಯೆಗೆ ಮೂರು ದಿನ ಮೊದಲು. ಹಸಿರು ಪೆನ್ನಲ್ಲೇ ಬರೆದಿದ್ದೇನೆ. ಬೆಳಿಗ್ಗೆ ಸ್ನಾನ ಮಾಡಿ ಭೀಮಸೇನ ಜೋಶಿಯವರ ದಾಸವಾಣಿ ಹಚ್ಚಿ ಅವರ ಜೊತೆ ತಾವೂ ದನಿ ಕೂಡಿಸುತ್ತಾರಲ್ಲ, ಹಾಡುವವರ ಸಾಲಿನಲ್ಲಿ ಸೇರಿಸಲು ನನಗೆ ಅಷ್ಟು ಸಾಕು.